ಬೀಟಾ ಆವೃತ್ತಿ ಹಾಕಿಕೊಳ್ಳುವ ಮುನ್ನ: ಹೊಸತೂ ಮೊದಲು ಸಿಗುತ್ತದೆ, ತೊಂದರೆಯೂ ಮೊದಲು ಸಿಗುತ್ತದೆ

ಫೋನಿನ ತಂತ್ರಾಂಶದ ಬಗ್ಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಸುತ್ತುತ್ತಿರುತ್ತವೆ. ಒಂದು ಆಸೆ ಹುಟ್ಟಿಸುವಂಥದ್ದು: "ಹೊಸ ಆಂಡ್ರಾಯ್ಡ್ ಬಂದಿದೆ, ಎಲ್ಲರಿಗಿಂತ ಮೊದಲು ನಿಮ್ಮ ಫೋನಿಗೆ ಹಾಕಿಕೊಳ್ಳಿ, ಇಲ್ಲಿ ಒತ್ತಿ." ಇನ್ನೊಂದು ಹೆದರಿಸುವಂಥದ್ದು: "ಯಾರೂ ಹೊಸ ಅಪ್‌ಡೇಟ್ ಹಾಕಬೇಡಿ, ಫೋನ್ ಸತ್ತುಹೋಗುತ್ತದೆ, ಎಲ್ಲರಿಗೂ ತಿಳಿಸಿ." ಇವೆರಡೂ ಮೂರು ಬೇರೆ ಬೇರೆ ಸಂಗತಿಗಳನ್ನು ಕಲಸಿಬಿಡುತ್ತವೆ: ಇನ್ನೂ ಪರೀಕ್ಷೆಯಲ್ಲಿರುವ ಬೀಟಾ ಆವೃತ್ತಿ, ಪರೀಕ್ಷೆ ಮುಗಿದು ಬರುವ ಸಾಮಾನ್ಯ ಅಪ್‌ಡೇಟ್, ಮತ್ತು ಅಪ್‌ಡೇಟಿನ ವೇಷ ಹಾಕಿದ ಮೋಸದ ಕಡತ.

ಈ ಮೂರನ್ನೂ ಒಂದೇ ಎಂದುಕೊಂಡರೆ ಎರಡು ಕಡೆಯಿಂದ ನಷ್ಟ. ಆಸೆಗೆ ಬಿದ್ದವರು ಬ್ಯಾಂಕ್ ಖಾತೆ ಇರುವ ಫೋನನ್ನೇ ಪ್ರಯೋಗಕ್ಕೆ ಒಡ್ಡುತ್ತಾರೆ. ಹೆದರಿದವರು ಅಗತ್ಯವಾದ ಸುರಕ್ಷತಾ ಅಪ್‌ಡೇಟನ್ನೂ ತಿಂಗಳುಗಟ್ಟಲೆ ಮುಂದೂಡುತ್ತಾರೆ. ಹಾಗಾಗಿ ಬೀಟಾ ಎಂದರೇನು, ಅದರಲ್ಲಿ ಏನೇನು ಕೈಕೊಡಬಹುದು, ಹಾಕಿಕೊಳ್ಳಲೇಬೇಕೆಂದರೆ ಏನೇನು ಸಿದ್ಧತೆ ಬೇಕು ಎಂಬುದನ್ನು ಮಂಗಳೂರಿನ ನಮ್ಮ ದಿನನಿತ್ಯದ ಬಳಕೆಯನ್ನೇ ಮುಂದಿಟ್ಟುಕೊಂಡು ನೋಡೋಣ.

ಬೀಟಾ ಎಂದರೇನು?

ಫೋನಿನ ಯಂತ್ರಾಂಶಕ್ಕೂ ನಾವು ಬಳಸುವ ಅಪ್ಲಿಕೇಷನ್‌ಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಆಂಡ್ರಾಯ್ಡ್, ಐಫೋನಿನ ಐಓಎಸ್, ಕಂಪ್ಯೂಟರಿನ ವಿಂಡೋಸ್, ಲಿನಕ್ಸ್ ಇವೆಲ್ಲ ಈ ಜಾತಿಯವು. ಕ್ಯಾಮೆರಾ, ಸಿಮ್, ಬೆರಳಚ್ಚು, ಕೀಲಿಮಣೆ, ನೆಟ್‌ವರ್ಕ್ ಎಲ್ಲವೂ ಇದನ್ನೇ ನೆಚ್ಚಿಕೊಂಡಿವೆ. ಹೀಗಾಗಿ ಒಂದು ಅಪ್ಲಿಕೇಷನ್ ಕೆಟ್ಟರೆ ಅದೊಂದೇ ನಿಲ್ಲುತ್ತದೆ. ಕಾರ್ಯಾಚರಣ ವ್ಯವಸ್ಥೆ ಕೆಟ್ಟರೆ ಯಾವುದು ಬೇಕಾದರೂ ನಿಲ್ಲಬಹುದು.

ಹೊಸ ಆವೃತ್ತಿ ಒಂದೇ ದಿನ ಸಿದ್ಧವಾಗಿ ಬರುವುದಿಲ್ಲ. ಆಂಡ್ರಾಯ್ಡ್ 16ರ ಉದಾಹರಣೆ ನೋಡಿ. ಅಪ್ಲಿಕೇಷನ್ ತಯಾರಕರಿಗೆಂದೇ ಮೀಸಲಾದ ಮೊದಲ ಡೆವಲಪರ್ ಪ್ರಿವ್ಯೂ ಹೊರಬಂದದ್ದು 2024ರ ನವೆಂಬರಿನಲ್ಲಿ. 2025ರ ಜನವರಿಯಲ್ಲಿ ಮೊದಲ ಬೀಟಾ ಬಂತು. ಮಾರ್ಚ್‌ನಲ್ಲಿ ಬಂದ ಮೂರನೆಯ ಬೀಟಾದ ಹೊತ್ತಿಗೆ, ಅಪ್ಲಿಕೇಷನ್ ತಯಾರಕರು ನೆಚ್ಚಿಕೊಳ್ಳುವ ಭಾಗಗಳನ್ನು ಇನ್ನು ಬದಲಿಸುವುದಿಲ್ಲ ಎನ್ನುವ ಹಂತ ಮುಟ್ಟಿತು. ಸ್ಥಿರ ಆವೃತ್ತಿ ಪಿಕ್ಸೆಲ್ ಫೋನುಗಳಿಗೆ ಬಂದದ್ದು ಜೂನ್ 10ರಂದು. 2025ರ ಜುಲೈನಿಂದ ಗೂಗಲ್ ಡೆವಲಪರ್ ಪ್ರಿವ್ಯೂ ಬದಲು 'ಕ್ಯಾನರಿ' ಎಂಬ ಸಾಲನ್ನು ತೆರೆದಿದೆ. ಅದು ಬೀಟಾಗಿಂತಲೂ ಹಸಿ.

ಅಂದರೆ ನವೆಂಬರಿನಿಂದ ಜೂನ್ ತನಕ ಆಗುತ್ತಿದ್ದುದು ದೋಷ ಹುಡುಕುವ, ತಿದ್ದುವ ಕೆಲಸ. ಈ ಅವಧಿಯಲ್ಲಿ ಆವೃತ್ತಿಯನ್ನು ಹಾಕಿಕೊಂಡವರು ಗ್ರಾಹಕರಲ್ಲ, ಸಂಬಳವಿಲ್ಲದ ಪರೀಕ್ಷಕರು. ಹೊಸ ಸೌಲಭ್ಯ ಮೊದಲು ನೋಡಲು ಸಿಗುವುದು ಆ ಕೆಲಸಕ್ಕೆ ಸಿಗುವ ಕೂಲಿ ಎನ್ನಬಹುದು.

ಕಂಪನಿಯವರೇ ಪರೀಕ್ಷಿಸಿಕೊಳ್ಳಬಾರದೇ?

ಪರೀಕ್ಷಿಸುತ್ತಾರೆ. ಆದರೆ ಅಷ್ಟು ಸಾಲುವುದಿಲ್ಲ. ನಮ್ಮ ನಮ್ಮ ಫೋನಿನಲ್ಲಿರುವ ಅಪ್ಲಿಕೇಷನ್‌ಗಳ ಜೋಡಿ, ಸಿಮ್ ಕಂಪನಿ, ಭಾಷೆ, ಕೀಲಿಮಣೆ ಎಲ್ಲವೂ ಬೇರೆ ಬೇರೆ. ಈ ಎಲ್ಲ ಜೋಡಣೆಗಳನ್ನು ಯಾವ ಪ್ರಯೋಗಾಲಯದಲ್ಲೂ ಕೂಡಿಸಿ ನೋಡಲಾಗದು.

2018ರ ಫೆಬ್ರುವರಿಯಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಸಾಕ್ಷಿ. ಐಓಎಸ್ 11.2.5 ಇದ್ದ ಐಫೋನುಗಳಲ್ಲಿ ತೆಲುಗಿನ ಒಂದು ಒತ್ತಕ್ಷರವಿದ್ದ ಸಂದೇಶ ಬಂದರೆ ಸಾಕು, ಆ ಅಪ್ಲಿಕೇಷನ್ ಮುಚ್ಚಿಕೊಳ್ಳುತ್ತಿತ್ತು. ತಮಾಷೆಗೆಂದು ಆ ಅಕ್ಷರವನ್ನೇ ಫಾರ್ವರ್ಡ್ ಮಾಡಿದವರೂ ಇದ್ದರು. ಆಪಲ್ ಫೆಬ್ರುವರಿ 19ರಂದು 11.2.6 ಬಿಟ್ಟು ಇದನ್ನು ಸರಿಪಡಿಸಿತು. ಗಮನಿಸಬೇಕಾದ್ದು ಎರಡು. ಇದು ಎಲ್ಲರಿಗೂ ಕೊಟ್ಟಿದ್ದ ಸ್ಥಿರ ಆವೃತ್ತಿಯಲ್ಲಿದ್ದ ದೋಷ. ಆಗ ಪರೀಕ್ಷೆಯಲ್ಲಿದ್ದ 11.3ರ ಬೀಟಾದಲ್ಲಿ ಈ ತೊಂದರೆ ಇರಲಿಲ್ಲ. ಮತ್ತು ಲಿಪಿಯ ವಿಚಾರದಲ್ಲಿ ಕನ್ನಡದ ನೆರೆಮನೆಯಂತಿರುವ ತೆಲುಗಿನ ಅಕ್ಷರವೊಂದು ಅಷ್ಟು ದೊಡ್ಡ ಕಂಪನಿಯ ಪರೀಕ್ಷೆಯ ಕಣ್ಣು ತಪ್ಪಿಸಿತ್ತು.

ಹಂತಹಂತವಾಗಿ ಪರೀಕ್ಷಿಸದೆ ಎಲ್ಲರಿಗೂ ಒಮ್ಮೆಗೇ ಕಳುಹಿಸಿದರೆ ಏನಾಗುತ್ತದೆ ಎಂಬುದನ್ನು ಜಗತ್ತು 2024ರ ಜುಲೈ 19ರಂದು ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿ ಕಳುಹಿಸಿದ ಒಂದು ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಆಮೇಲೆ ಆ ಕಂಪನಿ ಇಂಥ ಅಪ್‌ಡೇಟುಗಳನ್ನು ಮೊದಲು ಸ್ವಲ್ಪ ಯಂತ್ರಗಳಿಗೆ ಕೊಟ್ಟು ನೋಡಿ, ನಂತರ ಉಳಿದವಕ್ಕೆ ಹಂಚುವ ಪದ್ಧತಿಗೆ ಬರುವುದಾಗಿ ಹೇಳಿತು.

ಹಾಗಾಗಿ ಬೀಟಾ ಎಂಬುದು ಕೆಟ್ಟದ್ದಲ್ಲ, ಬೇಕಾದದ್ದೇ. ಪ್ರಶ್ನೆ ಇರುವುದು ಅದನ್ನು ಯಾವ ಫೋನಿಗೆ ಹಾಕುತ್ತೇವೆ ಎಂಬುದರಲ್ಲಿ.

ಏನೇನು ಕೈಕೊಡಬಹುದು?

ಬ್ಯಾಟರಿ ಬೇಗ ಇಳಿಯುವುದು, ಫೋನ್ ಬಿಸಿಯಾಗುವುದು, ಬ್ಲೂಟೂತ್ ಕಡಿದುಹೋಗುವುದು, ಬೆರಳಚ್ಚು ಹಿಡಿಯದಿರುವುದು, ಕ್ಯಾಮೆರಾ ತೆರೆಯದಿರುವುದು ಬೀಟಾಗಳಲ್ಲಿ ಮಾಮೂಲು. ಇವು ಕಿರಿಕಿರಿ ಮಾತ್ರ. ಕೆಲಸವನ್ನೇ ನಿಲ್ಲಿಸುವಂಥವು ಬೇರೆ ಇವೆ.

ಮೊದಲನೆಯದು ಹಣ. ಕೆನರಾ ಬ್ಯಾಂಕ್ 1906ರಲ್ಲಿ, ಕರ್ನಾಟಕ ಬ್ಯಾಂಕ್ 1924ರಲ್ಲಿ ಹುಟ್ಟಿದ ಊರು ನಮ್ಮದು. ಇಂದು ಪಾಸ್‌ಬುಕ್ಕೂ ಪರ್ಸೂ ಎರಡೂ ಫೋನಿನೊಳಗಿವೆ. ಸ್ಟೇಟ್‌ಬ್ಯಾಂಕ್ ಬಳಿ ಮೀನು ಕೊಳ್ಳುವುದರಿಂದ ಹಿಡಿದು ರಿಕ್ಷಾ ಬಾಡಿಗೆ ತನಕ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವವರೇ ಹೆಚ್ಚು. ಬ್ಯಾಂಕಿನ ಮತ್ತು ಯುಪಿಐ ಅಪ್ಲಿಕೇಷನ್‌ಗಳು ತೆರೆಯುವ ಮೊದಲು "ಈ ಫೋನಿನ ತಂತ್ರಾಂಶ ಪ್ರಮಾಣೀಕೃತವೇ, ಯಾರಾದರೂ ತಿದ್ದಿದ್ದಾರೆಯೇ" ಎಂದು ಪರಿಶೀಲಿಸುವುದುಂಟು. ಪ್ರಮಾಣೀಕರಣ ಮುಗಿಯದ ಆರಂಭದ ಆವೃತ್ತಿಗಳು ಈ ಪರಿಶೀಲನೆಯಲ್ಲಿ ಪಾಸಾಗದೆ ಇರಬಹುದು. ಆಗ ಅಪ್ಲಿಕೇಷನ್ ತೆರೆಯುವುದೇ ಇಲ್ಲ. ಇದು ಬ್ಯಾಂಕಿನ ತಪ್ಪಲ್ಲ, ಬ್ಯಾಂಕಿಗೆ ದೂರು ಕೊಟ್ಟರೆ ಸರಿಹೋಗುವುದೂ ಇಲ್ಲ.

ಎರಡನೆಯದು ಕರೆ. ಮನೆಯ ಒಬ್ಬರಾದರೂ ಗಲ್ಫ್‌ನಲ್ಲಿರುವ ಕುಟುಂಬಗಳು ಇಲ್ಲಿ ಬಹಳ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ನಿರ್ಬಂಧವಿರುವುದರಿಂದ ಬಾಟಿಮ್‌ನಂಥ ಬೇರೆ ಅಪ್ಲಿಕೇಷನ್ ಮೂಲಕ ಮಾತನಾಡುವವರಿದ್ದಾರೆ. ಎಲ್ಲ ಅಪ್ಲಿಕೇಷನ್‌ಗಳೂ ಬೀಟಾಗೆ ಒಂದೇ ವೇಗದಲ್ಲಿ ಹೊಂದಿಕೊಳ್ಳುವುದಿಲ್ಲ. ಊರಿನಲ್ಲಿರುವ ಅಮ್ಮನ ಫೋನಿಗೆ ಮಗ ಬೀಟಾ ಹಾಕಿಕೊಟ್ಟು ದುಬೈಗೆ ವಿಮಾನ ಹತ್ತಿದರೆ, ಆ ಒಂದು ಅಪ್ಲಿಕೇಷನ್ ನಿಂತ ದಿನ ಸರಿಮಾಡಿಕೊಡಲು ಮನೆಯಲ್ಲಿ ಯಾರೂ ಇರುವುದಿಲ್ಲ.

ಮೂರನೆಯದು ತುರ್ತು ಕರೆ. 2021ರ ಕೊನೆಯಲ್ಲಿ ಅಮೆರಿಕದ ಒಬ್ಬ ಬಳಕೆದಾರರ ಪಿಕ್ಸೆಲ್ ಫೋನಿನಿಂದ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಹೋಗಲಿಲ್ಲ. ಮೈಕ್ರೋಸಾಫ್ಟ್ ಟೀಮ್ಸ್ ಅಪ್ಲಿಕೇಷನ್ ಮತ್ತು ಆಂಡ್ರಾಯ್ಡ್ ನಡುವಿನ ಅನಿರೀಕ್ಷಿತ ಹೊಂದಾಣಿಕೆ ದೋಷ ಅದಕ್ಕೆ ಕಾರಣವೆಂದು ಗೂಗಲ್ ತಿಳಿಸಿತು. ಪರೀಕ್ಷೆ ಮುಗಿದ ಆವೃತ್ತಿಯಲ್ಲೇ ಇಂಥದ್ದು ನುಸುಳಬಹುದಾದರೆ, ಪರೀಕ್ಷೆ ನಡೆಯುತ್ತಿರುವ ಆವೃತ್ತಿಯ ಮಾತೇನು? ರೆಡ್ ಅಲರ್ಟ್ ಇರುವ ಮಳೆಯ ರಾತ್ರಿ, ಗುಡ್ಡ ಜರಿಯುವ ಭಯವಿರುವ ಮನೆಯಲ್ಲಿ, 112ಕ್ಕೆ ಕರೆ ಮಾಡಬೇಕಾದ ಏಕೈಕ ಫೋನ್ ಬೀಟಾದಲ್ಲಿರಬಾರದು.

ನಾಲ್ಕನೆಯದು ನಮ್ಮ ಫೋಟೋ ಮತ್ತು ಕಡತಗಳು. 2023ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ 14 ಬಂದಾಗ, ಒಂದೇ ಫೋನಿನಲ್ಲಿ ಒಂದಕ್ಕಿಂತ ಹೆಚ್ಚು ಬಳಕೆದಾರರ ಪ್ರೊಫೈಲ್ ಇಟ್ಟುಕೊಂಡಿದ್ದ ಕೆಲವು ಪಿಕ್ಸೆಲ್ ಬಳಕೆದಾರರಿಗೆ ತಮ್ಮದೇ ಕಡತಗಳನ್ನು ತೆರೆಯಲಾಗಲಿಲ್ಲ. ಕೆಲವು ಫೋನುಗಳು ಪದೇಪದೇ ತಾವಾಗಿಯೇ ಮರುಚಾಲೂ ಆಗತೊಡಗಿದವು. ಸಾಮಾನ್ಯವಾಗಿ ಎಲ್ಲರೂ ಬಳಸದ ಸೌಲಭ್ಯ ಬಳಸುವವರಿಗೆ ದೋಷ ಎದುರಾಗುವ ಸಂಭವ ಹೆಚ್ಚು ಎಂಬುದನ್ನು ಇದು ತೋರಿಸುತ್ತದೆ.

ಬೇಡವೆನಿಸಿದರೆ ಹಿಂದಕ್ಕೆ ಬರಬಹುದೇ?

ಬರಬಹುದು, ಆದರೆ ಬರಿಗೈಯಲ್ಲಿ. ಹೆಚ್ಚಿನವರು ತಿಳಿಯದೆ ಸಿಕ್ಕಿಬೀಳುವುದು ಇಲ್ಲೇ.

ಆಂಡ್ರಾಯ್ಡ್ ಬೀಟಾದಿಂದ ನಡುವೆ ಹೊರಬಂದು ಹಳೆಯ ಸ್ಥಿರ ಆವೃತ್ತಿಗೆ ಮರಳಿದರೆ ಫೋನಿನಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ. ಅಳಿಸದೆ ಹೊರಬರಲು ಇರುವ ದಾರಿ ಒಂದೇ: ಸ್ಥಿರ ಆವೃತ್ತಿ ಬರುವ ತನಕ ಕಾದು, ಅದನ್ನು ಹಾಕಿಕೊಂಡು, ಮುಂದಿನ ಬೀಟಾ ಬಂದು ಕೂರುವ ಮೊದಲೇ ಕಾರ್ಯಕ್ರಮದಿಂದ ಹೆಸರು ತೆಗೆಸುವುದು.

ಐಫೋನಿನಲ್ಲಿ ಇನ್ನೊಂದು ತೊಡಕಿದೆ. ಹೊಸ ಬೀಟಾದಲ್ಲಿರುವಾಗ ತೆಗೆದ ಬ್ಯಾಕಪ್ ಹಳೆಯ ಐಓಎಸ್‌ಗೆ ಹೊಂದುವುದಿಲ್ಲ. ಆದ್ದರಿಂದ ಬೀಟಾಗೆ ಹೋಗುವ ಮೊದಲೇ ಕಂಪ್ಯೂಟರಿನಲ್ಲಿ ಬ್ಯಾಕಪ್ ತೆಗೆದು, ಅದರ ಮೇಲೆ ಮುಂದಿನದು ಬರೆದುಹೋಗದಂತೆ ಪ್ರತ್ಯೇಕ ಉಳಿಸಿಡಬೇಕು. ಆಪಲ್ ವಾಚಿಗೆ ಬೀಟಾ ಹಾಕಿದರಂತೂ ಅದನ್ನು ಮನೆಯಲ್ಲಿ ಹಳೆಯದಕ್ಕೆ ಮರಳಿಸಲು ದಾರಿಯೇ ಇಲ್ಲ.

ಫೋನ್ ಅಳಿಸಿ ಮತ್ತೆ ಶುರುಮಾಡಿದಾಗ ಯುಪಿಐ ಅಪ್ಲಿಕೇಷನ್ ಪುನಃ ಸಿಮ್‌ನಿಂದ ಎಸ್ಸೆಮ್ಮೆಸ್ ಕಳುಹಿಸಿ ನೋಂದಣಿ ಮಾಡಿಸಿಕೊಳ್ಳುತ್ತದೆ. ಹೀಗೆ ಹೊಸದಾಗಿ ನೋಂದಾಯಿಸಿದಾಗ ಆರಂಭದಲ್ಲಿ ಕಳುಹಿಸಬಹುದಾದ ಹಣಕ್ಕೆ ಕಡಿಮೆ ಮಿತಿ ಇರುವುದುಂಟು. ಮರುದಿನ ಕಾಲೇಜು ಶುಲ್ಕ ಕಟ್ಟಬೇಕಾದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಕಿಕೊಳ್ಳಲೇಬೇಕೆಂದರೆ ಸಿದ್ಧತೆ ಹೀಗಿರಲಿ

ಸುರತ್ಕಲ್, ವಾಮಂಜೂರು, ಅಡ್ಯಾರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಲಿ, ಅಪ್ಲಿಕೇಷನ್ ತಯಾರಿಸುವವರಿಗಾಗಲಿ ಬೀಟಾ ನೋಡುವ ಕುತೂಹಲ ಸಹಜ, ಕೆಲವೊಮ್ಮೆ ಅದು ಅವರ ಕೆಲಸವೇ. ಅವರಿಗೆ ಬೇಡ ಎನ್ನುವುದರಲ್ಲಿ ಅರ್ಥವಿಲ್ಲ. ಬದಲಿಗೆ ಇಷ್ಟನ್ನು ಪಾಲಿಸಬಹುದು.

1. ಬೇರೆ ಫೋನ್ ಬಳಸಿ. ಬ್ಯಾಂಕಿಗೆ ಜೋಡಿಸಿದ ಸಿಮ್, ಆಧಾರ್ ಓಟಿಪಿ ಬರುವ ಸಿಮ್ ಇರುವ ಫೋನು ಬೇಡ. ಮೂಲೆಯಲ್ಲಿ ಬಿದ್ದಿರುವ, ಆದರೆ ಬೀಟಾ ಪಟ್ಟಿಯಲ್ಲಿರುವ ಫೋನ್ ಇದ್ದರೆ ಅದೇ ಸರಿ. ಕಂಪ್ಯೂಟರಿನಲ್ಲಾದರೆ ಉಬುಂಟು ಮುಂತಾದವುಗಳ ಅಭಿವೃದ್ಧಿ ಹಂತದ ಆವೃತ್ತಿಯನ್ನು ವರ್ಚುವಲ್ ಮಷೀನ್‌ನಲ್ಲಿ ಓಡಿಸಿ ನೋಡಬಹುದು. ಅಲ್ಲಿ ಏನೇ ಕೆಟ್ಟರೂ ಮೂಲ ವ್ಯವಸ್ಥೆಗೆ ಧಕ್ಕೆಯಿಲ್ಲ.

2. ಬ್ಯಾಕಪ್ ತೆಗೆಯಿರಿ, ತೆಗೆದದ್ದನ್ನು ತೆರೆದು ನೋಡಿ. ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್ ಈಗ ಗೂಗಲ್ ಖಾತೆಯ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೇ ಸೇರುತ್ತದೆ. ಜಾಗ ತುಂಬಿದ್ದರೆ ಹೊಸ ಬ್ಯಾಕಪ್ ಆಗುವುದಿಲ್ಲ. ಕೊನೆಯ ಬ್ಯಾಕಪ್ ಯಾವ ದಿನದ್ದು ಎಂದು ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಬ್ಯಾಕಪ್‌ಗೆ ಪಾಸ್‌ವರ್ಡ್ ಇಟ್ಟಿದ್ದರೆ ಅದು ನೆನಪಿದೆಯೇ ಎಂಬುದೂ ಮುಖ್ಯ.

3. ಎರಡು ಹಂತದ ದೃಢೀಕರಣದ ಕೋಡ್ ಕೊಡುವ ಅಪ್ಲಿಕೇಷನ್ ಇದ್ದರೆ, ಅದರ ಬದಲಿ ಕೋಡುಗಳನ್ನು ಕಾಗದದಲ್ಲಿ ಬರೆದಿಡಿ. ಫೋನ್ ಅಳಿಸಿದ ಮೇಲೆ ಇಮೇಲ್ ತೆರೆಯಲು ಅದೇ ಫೋನಿನ ಕೋಡ್ ಬೇಕಾದರೆ ಕಷ್ಟ.

4. 'ತಿಳಿದಿರುವ ತೊಂದರೆಗಳು' ಎಂಬ ಪಟ್ಟಿ ಓದಿ. ಬೀಟಾ ಜೊತೆ ಕಂಪನಿಗಳು ಇಂಥ ಪಟ್ಟಿ ಪ್ರಕಟಿಸುತ್ತವೆ. ಹತ್ತು ನಿಮಿಷದ ಓದು ಹತ್ತು ದಿನದ ಪರದಾಟ ತಪ್ಪಿಸಬಹುದು.

5. ಸಮಯ ನೋಡಿಕೊಳ್ಳಿ. ಪರೀಕ್ಷೆ, ಮದುವೆ, ಪ್ರಯಾಣ, ಸಂದರ್ಶನದ ಹಿಂದಿನ ದಿನ ಬೇಡ. ಮೊದಲ ಬೀಟಾಗಿಂತ ಕೊನೆಯ ಹಂತದ ಬೀಟಾ ಸಾಮಾನ್ಯವಾಗಿ ಹೆಚ್ಚು ಗಟ್ಟಿ.

6. ಇನ್ನೊಬ್ಬರ ಫೋನಿಗೆ ಹಾಕಬೇಡಿ. ತಂದೆ ತಾಯಿ, ಅಜ್ಜ ಅಜ್ಜಿಯ ಫೋನಿಗಂತೂ ಖಂಡಿತ ಬೇಡ.

ತೊಂದರೆ ಕಂಡರೆ ತಿಳಿಸುವುದೂ ಕೆಲಸವೇ

ಬೀಟಾ ಹಾಕಿಕೊಂಡು, ಕೆಟ್ಟಾಗ ಗುಂಪಿನಲ್ಲಿ ಬೈದು ಸುಮ್ಮನಾದರೆ ಯಾರಿಗೂ ಪ್ರಯೋಜನವಿಲ್ಲ. ವರದಿ ಮಾಡುವುದಕ್ಕೆಂದೇ ಬೀಟಾ ಫೋನುಗಳಲ್ಲಿ ಪ್ರತ್ಯೇಕ ಫೀಡ್‌ಬ್ಯಾಕ್ ಅಪ್ಲಿಕೇಷನ್ ಇರುತ್ತದೆ.

ವರದಿ ಎಷ್ಟು ಮುಖ್ಯ ಎಂಬುದಕ್ಕೆ ವಿಂಡೋಸ್ 10ರ 2018ರ ಅಪ್‌ಡೇಟ್ ಪಾಠವಾಗಿ ನಿಂತಿದೆ. ಅಕ್ಟೋಬರ್ 2ರಂದು ಬಿಡುಗಡೆಯಾದ ಅದನ್ನು ನಾಲ್ಕೇ ದಿನಗಳಲ್ಲಿ ತಡೆಹಿಡಿಯಬೇಕಾಯಿತು. ದಾಖಲೆ, ಚಿತ್ರಗಳನ್ನಿಡುವ ಫೋಲ್ಡರುಗಳನ್ನು ಬೇರೆ ಜಾಗಕ್ಕೆ ಬದಲಿಸಿಕೊಂಡಿದ್ದ ಕೆಲವರಲ್ಲಿ, ಹಳೆಯ ಫೋಲ್ಡರಿನಲ್ಲಿ ಉಳಿದಿದ್ದ ಕಡತಗಳು ಅಳಿಸಿಹೋಗಿದ್ದವು. ವಿಷಾದದ ಸಂಗತಿಯೆಂದರೆ, ಬಿಡುಗಡೆಗೆ ಮೊದಲೇ ಕೆಲವು ಪರೀಕ್ಷಕರು ಇದನ್ನು ತಿಳಿಸಿದ್ದರು. ಹೆಚ್ಚು ಜನ ಬೆಂಬಲಿಸದ ಕಾರಣ ಆ ವರದಿಗಳು ರಾಶಿಯಲ್ಲಿ ಮುಳುಗಿಹೋಗಿದ್ದವು. ನಂತರ ಮೈಕ್ರೋಸಾಫ್ಟ್ ವರದಿಯ ಜೊತೆಗೆ "ಇದು ಎಷ್ಟು ಗಂಭೀರ" ಎಂದು ಗುರುತಿಸುವ ಅವಕಾಶವನ್ನೂ ಸೇರಿಸಿತು. ಸರಿಪಡಿಸಿದ ಅಪ್‌ಡೇಟ್ ಮತ್ತೆ ಬಂದದ್ದು ನವೆಂಬರ್ 13ರಂದು.

ಒಳ್ಳೆಯ ವರದಿಯಲ್ಲಿ ನಾಲ್ಕು ಮಾತು ಇರಬೇಕು: ಯಾವ ಫೋನ್ ಮತ್ತು ಯಾವ ಆವೃತ್ತಿ, ನಾವು ಏನು ಮಾಡಿದೆವು, ಏನಾಗಬೇಕಿತ್ತು, ಏನಾಯಿತು. "ಫೋನ್ ಸರಿಯಿಲ್ಲ" ಎಂದು ಬರೆದರೆ ಯಾರೂ ಸರಿಮಾಡಲಾರರು.

ಕನ್ನಡ ಬಳಸುವವರಿಗೆ ಇಲ್ಲೊಂದು ವಿಶೇಷ ಪಾತ್ರವಿದೆ. ಒತ್ತಕ್ಷರ ಒಡೆದು ಕಾಣುವುದು, ಮೆನುವಿನ ಕನ್ನಡ ಪದ ಅರ್ಧಕ್ಕೆ ತುಂಡಾಗುವುದು, 'ರ‍್ಯಾಂಕ್' ಎಂಬ ಪದ ಅರ್ಕಾವೊತ್ತು ಪಡೆದು 'ರ್ಯಾಂಕ್' ಆಗುವುದು ಕ್ಯಾಲಿಫೋರ್ನಿಯಾದ ಪರೀಕ್ಷಕರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ತುಳುವಿನದು ಇನ್ನೂ ಹೊಸ ಕಥೆ. ತುಳು-ತಿಗಳಾರಿ ಲಿಪಿ ಯುನಿಕೋಡ್ ಸೇರಿದ್ದು 2024ರ ಸೆಪ್ಟೆಂಬರಿನ 16.0 ಆವೃತ್ತಿಯಲ್ಲಿ. ಯುನಿಕೋಡ್ ಸೇರಿದ ಮಾತ್ರಕ್ಕೆ ಅಕ್ಷರ ಫೋನಿನಲ್ಲಿ ಕಾಣುವುದಿಲ್ಲ. ಅದಕ್ಕೆ ಫಾಂಟ್ ಬೇಕು, ಅಕ್ಷರಗಳನ್ನು ಜೋಡಿಸುವ ವ್ಯವಸ್ಥೆ ಬೇಕು. ಅಲ್ಲಿಯ ತನಕ ಖಾಲಿ ಚೌಕಗಳೇ ಕಾಣುತ್ತವೆ. ಇಂಥವನ್ನು ನೋಡಿ ವರದಿ ಮಾಡುವವರು ಮಂಗಳೂರಿನಲ್ಲಲ್ಲದೆ ಇನ್ನೆಲ್ಲಿ ಸಿಗಬೇಕು?

ನಂಬಿಕೆ ಮತ್ತು ನಿಜ

ನಂಬಿಕೆ: ಹೊಸ ಆವೃತ್ತಿ ಎಂದರೆ ಯಾವಾಗಲೂ ಹೆಚ್ಚು ಸುರಕ್ಷಿತ.
ನಿಜ: ಸ್ಥಿರ ಅಪ್‌ಡೇಟುಗಳ ಮಟ್ಟಿಗೆ ಬಹುಪಾಲು ಸರಿ. ಬೀಟಾದ ಉದ್ದೇಶವೇ ಬೇರೆ, ಅದು ದೋಷ ಹುಡುಕಲು ಇರುವಂಥದ್ದು.

ನಂಬಿಕೆ: ಅಪ್‌ಡೇಟ್ ಹಾಕದೆ ಇರುವುದೇ ಕ್ಷೇಮ.
ನಿಜ: ಪ್ರತಿ ತಿಂಗಳ ಸುರಕ್ಷತಾ ಅಪ್‌ಡೇಟ್‌ಗಳು ಈಗಾಗಲೇ ಬಯಲಾಗಿರುವ ದೋಷಗಳನ್ನು ಮುಚ್ಚುತ್ತವೆ. ಮುಚ್ಚದೆ ಬಿಟ್ಟರೆ ಬಾಗಿಲು ತೆರೆದೇ ಇರುತ್ತದೆ. ಮುಖ್ಯ ಆವೃತ್ತಿ ಬದಲಾಗುವಾಗ ಬೇಕಾದರೆ ಒಂದೆರಡು ವಾರ ಕಾಯಿರಿ. ಸುರಕ್ಷತಾ ಅಪ್‌ಡೇಟಿಗೆ ಕಾಯಬೇಡಿ.

ನಂಬಿಕೆ: ಲಿಂಕ್ ಒತ್ತಿದರೆ ಯಾವ ಫೋನಿಗಾದರೂ ಹೊಸ ಆಂಡ್ರಾಯ್ಡ್ ಬರುತ್ತದೆ.
ನಿಜ: ಫೋನಿನ ಕಾರ್ಯಾಚರಣ ವ್ಯವಸ್ಥೆಯ ಅಪ್‌ಡೇಟ್ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಕಡತವಾಗಿ ಬರುವುದಿಲ್ಲ. ಪಿಕ್ಸೆಲ್ ಬೀಟಾಗೆ ಗೂಗಲ್‌ನ ಅಧಿಕೃತ ಪುಟದಲ್ಲಿ, ಸ್ಯಾಮ್‌ಸಂಗ್‌ನ ಒನ್ ಯುಐ ಬೀಟಾಗೆ ಸ್ಯಾಮ್‌ಸಂಗ್ ಮೆಂಬರ್ಸ್ ಅಪ್ಲಿಕೇಷನ್‌ನಲ್ಲಿ ಹೆಸರು ನೋಂದಾಯಿಸಬೇಕು. ಐಫೋನಿನಲ್ಲಿ ಆಯ್ಕೆ ಸೆಟ್ಟಿಂಗ್ಸ್‌ನ ಸಾಫ್ಟ್‌ವೇರ್ ಅಪ್‌ಡೇಟ್ ವಿಭಾಗದಲ್ಲೇ ಇದೆ. ಎಲ್ಲ ಸಂದರ್ಭಗಳಲ್ಲೂ ಅಪ್‌ಡೇಟ್ ಬಂದಿಳಿಯುವುದು ಫೋನಿನ ಸೆಟ್ಟಿಂಗ್ಸ್ ಮೂಲಕವೇ.

2021ರಲ್ಲಿ 'ವಾಟ್ಸ್‌ಆ್ಯಪ್ ಪಿಂಕ್' ಎಂಬ ನಕಲಿ ಹೊಸ ಆವೃತ್ತಿಯ ಲಿಂಕ್ ದೇಶದ ತುಂಬ ಹರಿದಾಡಿದ್ದು ನೆನಪಿರಬಹುದು. ಬಣ್ಣ ಬದಲಾಗುವ ಆಸೆಗೆ ಒತ್ತಿದವರ ಫೋನಿಗೆ ಕುತಂತ್ರಾಂಶ ಸೇರುತ್ತಿತ್ತು, ಅದು ಅವರ ಸಂಪರ್ಕದಲ್ಲಿದ್ದವರಿಗೂ ಅದೇ ಲಿಂಕ್ ಕಳುಹಿಸುತ್ತಿತ್ತು. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂದು ಬರುವ ಎಪಿಕೆ ಕಡತಗಳದ್ದೂ ಇದೇ ಜಾತಿ. ಇಂಥದ್ದನ್ನು ಒತ್ತಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಮಳೆಗಾಲ ಬಂತೆಂದರೆ "ನಾಳೆ ದಕ್ಷಿಣ ಕನ್ನಡದ ಶಾಲೆಗಳಿಗೆ ರಜೆ" ಎಂಬ ಸಂದೇಶಗಳು ನಮ್ಮ ಗುಂಪುಗಳಿಗೆ ಬರುತ್ತವೆ. ಅದು ಹಳೆಯದೋ, ನಕಲಿಯೋ ಎಂದು ತಿಳಿಯಲು ಜಿಲ್ಲಾಧಿಕಾರಿಗಳ ಆದೇಶ ನೋಡಬೇಕು ಎನ್ನುವುದು ಈಗ ಇಲ್ಲಿನ ಮಕ್ಕಳಿಗೂ ಗೊತ್ತು. ಹೊಸ ಆವೃತ್ತಿಯ ಸುದ್ದಿಗೂ ಅದೇ ನಿಯಮ. ಇಲ್ಲಿ ಆದೇಶದ ಜಾಗದಲ್ಲಿರುವುದು ನಮ್ಮದೇ ಫೋನಿನ ಸೆಟ್ಟಿಂಗ್ಸ್.

ಮುಂದಿನ ಬಾರಿ ಗುಂಪಿನಲ್ಲಿ ಇಂಥ ಸಂದೇಶ ಬಂದರೆ ಉತ್ತರವಾಗಿ ಇಷ್ಟನ್ನು ಕಳುಹಿಸಬಹುದು:

"ಫೋನಿನ ಅಪ್‌ಡೇಟ್ ಸೆಟ್ಟಿಂಗ್ಸ್‌ನಲ್ಲೇ ಬರುತ್ತದೆ, ವಾಟ್ಸ್‌ಆ್ಯಪ್ ಲಿಂಕಿನಲ್ಲಿ ಬರುವುದಿಲ್ಲ. ಬೀಟಾ ಎಂದು ಬರೆದಿದ್ದರೆ ಅದು ಪರೀಕ್ಷೆಗೆ ಇರುವಂಥದ್ದು; ಬ್ಯಾಂಕ್ ಮತ್ತು ಮನೆಯ ಫೋಟೋ ಇರುವ ಫೋನಿಗೆ ಬೇಡ. ಬೀಟಾ ಎಂದಿಲ್ಲದಿದ್ದರೆ, ಬ್ಯಾಕಪ್ ತೆಗೆದು ಹಾಕಿಕೊಳ್ಳಿ."